ಅಣ್ಣನ ಮನೆಗೆ ಒಬ್ಬನೇ ಹೋದೆ

ಕ್ಷಮೆ ಎಲ್ಲ ಪೂಜೆಯಲ್ಲಿ ಕೇಳಲು ಚೆಂದ, ತೋಟದ ಗಡಿಯಲ್ಲಿ ನಡೆಯಲ್ಲ ಅಂತ ನಮ್ಮ ಚರ್ಚಿನ ಧರ್ಮಕೇಂದ್ರದಲ್ಲಿ ಹೇಳದವರಿಲ್ಲ. ನಡೆಯಿತು. ಆರು ವರ್ಷ ಹಿಡಿಯಿತು.

2018ರ ಆಗಸ್ಟ್ ಮಳೆಗೆ ಕೆರೆ ಏರಿ ಒಡೆಯಿತು. ಕೆರೆ ಅಣ್ಣನ ಪಾಲಿನಲ್ಲಿದೆ, ನೀರು ಇಬ್ಬರಿಗೂ. ರಿಪೇರಿಗೆ ಎಂಬತ್ತು ಸಾವಿರದ ಹತ್ತಿರ ನಾನೇ ಹಾಕಿದೆ. ಅಣ್ಣ ಅರ್ಧ ಕೊಡಬೇಕಿತ್ತು, ಕೊಡಲಿಲ್ಲ. ಕೋರ್ಟಿಗೆ ಹೋದೆ. ವಕೀಲರ ಫೀಸು, ಓಡಾಟ ಸೇರಿ ಒಂದೂವರೆ ಲಕ್ಷ ದಾಟಿತು, ನಲವತ್ತು ಸಾವಿರದ ಬಾಕಿಗೆ! ಅವನು ನೀರು ನಿಲ್ಲಿಸಿದ. ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ತಿರುಗದಿದ್ದರೆ ರೋಬಸ್ಟಾ ಕಾಫಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎರಡು ವರ್ಷ ಬೆಳೆ ಅರ್ಧಕ್ಕೆ ಇಳಿಯಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಒಮ್ಮೆ ‘ನಿನ್ನನ್ನು ಕ್ಷಮಿಸಿದ್ದೇನೆ’ ಅಂತ ವಾಟ್ಸಾಪ್ ಮಾಡಿದೆ. ‘ಕ್ಷಮಿಸಲು ನೀನ್ಯಾರು?’ ಅಂತ ಉತ್ತರ ಬಂತು. ಆಮೇಲೆ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದೆ. ಅತ್ತಿಗೆ ಕಾಫಿ ಕೊಟ್ಟರು, ಅಣ್ಣ ಒಳಗಿಂದ ಬರಲೇ ಇಲ್ಲ. ಬೈಬಲಿನ ಮತ್ತಾಯ 18ರಲ್ಲಿ, ತಪ್ಪು ಮಾಡಿದ ಸಹೋದರನ ಹತ್ತಿರ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಅಂತಿದೆ. ನಾನು ಮೊದಲ ಮೆಟ್ಟಿಲನ್ನೇ ಹಾರಿದ್ದೆ. ಮೂರನೇ ಸಲ ಒಬ್ಬನೇ ಹೋದೆ, ಆದರೆ ಜೇಬಿನಲ್ಲಿ ಕೆರೆ ರಿಪೇರಿಯ ಜೆಸಿಬಿ ಬಿಲ್ಲು ಇತ್ತು. ಐದು ನಿಮಿಷದಲ್ಲಿ ಜಗಳ.

ನಡುವೆ ಒಂದು ಪ್ರಯೋಗ ಮಾಡಿದೆ. ಯೇಸು ಕ್ಷಮಿಸು ಅಂದದ್ದು ಏಳೆಪ್ಪತ್ತು ಸಾರಿ, ಅಂದರೆ 490. ಅಣ್ಣನ ಮೇಲೆ ಸಿಟ್ಟು ಬಂದಾಗಲೆಲ್ಲ ‘ಸ್ವಾಮಿ, ಬಿಟ್ಟೆ’ ಅಂದು ಒಂದು ಕಾಳು ಮೆಣಸು ಬಾಟಲಿಗೆ ಹಾಕುತ್ತಿದ್ದೆ. ಮುನ್ನೂರರ ಆಸುಪಾಸು ಬಂದಾಗ ಲೆಕ್ಕ ತಪ್ಪಿತು. ಆದರೆ ಕಾಳು ಹಾಕುವುದು ಕಡಿಮೆಯಾಗಿತ್ತು. ಅದನ್ನು ನೋಡಿಯೇ ಧೈರ್ಯ ಬಂತು. ಲೂಕ 17ರಲ್ಲಿ ದಿನಕ್ಕೆ ಏಳು ಸಲ ಕ್ಷಮಿಸು ಅಂದ ಕೂಡಲೇ ಶಿಷ್ಯರು ‘ನಮ್ಮ ನಂಬಿಕೆ ಹೆಚ್ಚಿಸು’ ಅನ್ನುತ್ತಾರೆ. ನಂಬಿಕೆ ಬೇಕಾಗುವುದು ಕಾಯಿಲೆಗೆ, ಮಳೆಗೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಇದಕ್ಕೆ.

ಬೀಗ ತೆರೆದದ್ದು ಮತ್ತಾಯ 5:23. ‘ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಇದೆ’ ಅಂತ ನೆನಪಾದರೆ ಕಾಣಿಕೆ ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನ ಜೊತೆ ರಾಜಿಯಾಗು. ಅವನಿಗೆ ನನ್ನ ಮೇಲೆ! ನಾನು ಇಷ್ಟು ವರ್ಷ ಉಲ್ಟಾ ಓದಿದ್ದೆ. ರಾತ್ರಿ ಕೂತು ಯೋಚಿಸಿದೆ. ಮಳೆಗೆ ಎರಡು ವರ್ಷ ಮುಂಚೆ ಗಡಿಯ ಸಿಲ್ವರ್ ಓಕ್ ಮರ ಕಡಿಸಿ ಮಾರಿದ್ದೆ, ಎಪ್ಪತ್ತು ಸಾವಿರದಷ್ಟು ಬಂದಿತ್ತು. ಅಣ್ಣನಿಗೆ ಒಂದು ರೂಪಾಯಿ ಕೊಟ್ಟಿರಲಿಲ್ಲ.

ಮೊದಲು ಕೇಸು ವಾಪಸ್ ತೆಗೆದೆ. ‘ತಲೆ ಕೆಟ್ಟಿದೆಯಾ?’ ಅಂದಳು ನನ್ನವಳು. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದ. ನನ್ನಿಂದ ಅಷ್ಟಾಗಲಿಲ್ಲ. ಅಣ್ಣನ ಪಾಲು ಮೂವತ್ತೈದು, ಮೇಲೆ ಹದಿನೈದು ಸೇರಿಸಿ ಐವತ್ತು ಸಾವಿರ ಕವರಿನಲ್ಲಿ ಹಾಕಿಕೊಂಡು ಸಂಜೆ ನಡೆದುಕೊಂಡೇ ಹೋದೆ. ಕೆರೆ ಬಾಕಿಯ ಮಾತೆತ್ತಲಿಲ್ಲ. ಅದು ಸುಮಾರು ನೂರು ದಿನದ ಕೂಲಿ, ಮತ್ತಾಯ 18ರಲ್ಲೇ ಯೇಸು ಹೇಳಿದ ಸಾಮತಿಯ (ನೀತಿಕಥೆಯ) ಒಬ್ಬ ಆಳಿಗೆ ಜೊತೆಯವನು ಕೊಡಬೇಕಿದ್ದ ನೂರು ದಿನಾರಿಯಷ್ಟೇ. ಆ ಆಳಿಗೆ ಒಡೆಯ ಮನ್ನಾ ಮಾಡಿದ್ದು ಹತ್ತು ಸಾವಿರ ತಲಾಂತು, ಆರು ಕೋಟಿ ದಿನದ ಕೂಲಿ. ಬಾಗಿಲಲ್ಲಿ ನಾನು ಆಡಿದ ಮೊದಲ ಮಾತು ಯಾವುದು ಅಂತ ಎಷ್ಟೋ ಜನ ಕೇಳಿದ್ದಾರೆ. ಅದನ್ನು ಬರೆಯುವುದಿಲ್ಲ, ನಮ್ಮಿಬ್ಬರದ್ದು. ಅಣ್ಣ ಕವರು ಬಿಚ್ಚಲಿಲ್ಲ. ಜಗುಲಿಯಲ್ಲಿ ತುಂಬಾ ಹೊತ್ತು ಸುಮ್ನೆ ಕೂತೆವು.

ನಮ್ಮಲ್ಲಿ ಮೂರು ಮನೆಯವರು ಹೀಗೇ ಮಾಡಿ ನೋಡಿದರು. ಎರಡು ಮನೆ ಕೂಡಿಕೊಂಡಿವೆ.

ಕೆರೆ ದುಡ್ಡು ಇವತ್ತಿಗೂ ಬಂದಿಲ್ಲ, ಕೇಳಿಯೂ ಇಲ್ಲ. ಮಾರ್ಚ್ ಮೊದಲ ವಾರ ಬೆಳಗ್ಗೆ ಐದಕ್ಕೆ ಮೋಟಾರ್ ಸದ್ದು ಕೇಳಿತು. ಟಾರ್ಚ್ ಹಿಡಿದು ಓಡಿದೆ. ಅಣ್ಣ ವಾಲ್ವ್ ಹತ್ತಿರ ನಿಂತಿದ್ದ. ಮೊದಲು ನನ್ನ ಕಡೆಗೆ ತಿರುಗಿಸಿದ್ದ.