ತಾಮ್ರಫಲಕದ ಬರೋಕ್ ಚಿತ್ರಹಾಳೆಯನ್ನು ಪರೀಕ್ಷಿಸುವ ಬಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಎಲೆಬಳ್ಳಿ, ಹೂಮಾಲೆ, ರೆಕ್ಕೆಯ ಮಕ್ಕಳು ತುಂಬಿದ ಯೂರೋಪಿನ ಛಾವಣಿಯದೋ ಬಾಗಿಲವಾಡದ್ದೋ ವಿನ್ಯಾಸ ಮುದ್ರಿಸಿದ ಬಿಡಿ ಹಾಳೆಯೊಂದು ಸಿಕ್ಕರೆ, ಅದರ ಚೆಂದಕ್ಕೆ ಮರುಳಾಗುವ ಮೊದಲು ಗೆರೆಯನ್ನೂ ಕಾಗದವನ್ನೂ ಪರೀಕ್ಷಿಸಬೇಕು. ಇದಕ್ಕೆ ಚಿಕ್ಕಪೇಟೆಯ ಒಡವೆ ವ್ಯಾಪಾರಿಗಳು ಬಳಸುವಂಥ 10 ಪಟ್ಟಿನ ಭೂತಗನ್ನಡಿ ಸಾಕು. ಬರೋಕ್ ಎಂದರೆ ಯೂರೋಪಿನಲ್ಲಿ 17ನೇ ಶತಮಾನದಲ್ಲಿ ಮೆರೆದ ಅಲಂಕಾರ ತುಂಬಿದ ಕಲಾಶೈಲಿ; ಇಂಥ ಚಿತ್ರವನ್ನು ತಾಮ್ರಫಲಕದಲ್ಲಿ ಉಳಿಯಿಂದಲೋ ಆಮ್ಲದಿಂದಲೋ ಗೆರೆ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುತ್ತಿದ್ದರು.

ಗೆರೆಗಳು ಚುಕ್ಕಿಗಳಾಗಿ ಒಡೆದು ಕಂಡರೆ ಅದು ಛಾಯಾಚಿತ್ರದಿಂದ ತೆಗೆದ ಆಧುನಿಕ ಮುದ್ರಣ. ಮುಂದೆ ನೋಡುವ ಅಗತ್ಯವಿಲ್ಲ. ಉಳಿಯಿಂದ ಕೊರೆದ ಗೆರೆ ನಡುವೆ ಉಬ್ಬಿ ತುದಿಯಲ್ಲಿ ಸೂಜಿಯಂತೆ ಚೂಪಾಗುತ್ತದೆ. ಆಮ್ಲ ತಿಂದ ಗೆರೆ ಸಾಮಾನ್ಯವಾಗಿ ಒಂದೇ ದಪ್ಪವಾಗಿದ್ದು ಮೊಂಡಾಗಿ ನಿಲ್ಲುತ್ತದೆ. ಎರಡನೆಯದನ್ನು ಕಂಡೊಡನೆ ಕೀಳೆಂದು ತಳ್ಳಿಹಾಕುವುದು ಹೊಸಬರ ತಪ್ಪು, ಏಕೆಂದರೆ 2,000ಕ್ಕೂ ಹೆಚ್ಚು ಫಲಕಗಳನ್ನು ರಚಿಸಿದ ಪ್ಯಾರಿಸ್ಸಿನ ಅಲಂಕಾರ ವಿನ್ಯಾಸಕಾರ ಜೀನ್ ಲ ಪೋತ್ರ್ (1618–1682) ಬಹುಪಾಲು ಆಮ್ಲವನ್ನೇ ನೆಚ್ಚಿದ್ದನು.

ಬಳಿಕ ಚಿತ್ರದ ಸುತ್ತ ಫಲಕದ ಅಂಚು ಒತ್ತಿದ ತಗ್ಗನ್ನು ಬೆರಳಿನಿಂದ ತಡವಿ ನೋಡಿ. ಅಂಚು ಕತ್ತರಿಸಿದ ಹಾಳೆಯಲ್ಲಿ ಅದು ಇರುವುದಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಸುಮಾರು 25 ಮಿ.ಮೀ. ಅಂತರದ ಉದ್ದಗೆರೆಗಳೂ ಅವನ್ನು ಅಡ್ಡ ಹಾಯುವ ಒತ್ತೊತ್ತಾದ ಸಣ್ಣ ಗೆರೆಗಳೂ ಕಾಣಬೇಕು. ಗೆರೆಯೇ ಇಲ್ಲದ ನಯವಾದ ಕಾಗದ ಯೂರೋಪಿನಲ್ಲಿ ಬಂದದ್ದು 1750ರ ದಶಕದಲ್ಲಿ. ಆದ್ದರಿಂದ ಅಂಥ ಹಾಳೆ ಲ ಪೋತ್ರ್‌ನ ಜೀವಿತಕಾಲದ್ದಾಗಿರಲು ಸಾಧ್ಯವಿಲ್ಲ. ಆದರೆ ಗೆರೆಯಿರುವ ಕಾಗದವೆಂದ ಮಾತ್ರಕ್ಕೆ ಹಿಗ್ಗಬೇಡಿ: ಆತನ ವಿನ್ಯಾಸಗಳನ್ನು ಪ್ಯಾರಿಸ್ಸಿನ ಪ್ರಕಾಶಕ ಜೊಂಬೇರ್ 1751ರಲ್ಲಿ ಮತ್ತೆ ಹೊರತಂದನು. ಸವೆದ ಫಲಕದಿಂದ ತೆಗೆದ ಪ್ರತಿಯಲ್ಲಿ ನೆರಳಿನ ಸೂಕ್ಷ್ಮ ಗೆರೆಗಳು ಮಂಕಾಗಿ, ಎಲೆಗಳ ಮೈದುಂಬಿದ ಉಬ್ಬು ಚಪ್ಪಟೆಯಾಗಿರುತ್ತದೆ.

ಕೆಳಗಿನ ಲ್ಯಾಟಿನ್ ಬರಹವನ್ನೂ ಓದಿ. ‘ಇನ್ವೆನಿಟ್’ ಎಂದರೆ ವಿನ್ಯಾಸ ಕಲ್ಪಿಸಿದವನು, ‘ಸ್ಕಲ್ಪ್ಸಿಟ್’ ಎಂದರೆ ಕೊರೆದವನು, ‘ಎಕ್ಸ್‌ಕುಡಿಟ್’ ಎಂದರೆ ಪ್ರಕಟಿಸಿದವನು. ಫಲಕ ಕೈಬದಲಿಸಿದಾಗ ಪ್ರಕಾಶಕನ ಹೆಸರನ್ನು ಅಳಿಸಿ ಇನ್ನೊಂದನ್ನು ಕೊರೆಯುತ್ತಿದ್ದರು. ಮೂಲದೊಡನೆ ಹೋಲಿಸಿದಾಗ ಎಡಬಲ ತಿರುಗಿದ್ದರೆ, ಬೇರೊಬ್ಬ ಮುದ್ರಿತ ಹಾಳೆಯನ್ನೇ ನೋಡಿ ನೇರವಾಗಿ ಫಲಕಕ್ಕೆ ಇಳಿಸಿದ ನಕಲೆಂದು ಶಂಕಿಸಬಹುದು.

ಕೊಂಡ ಹಾಳೆಗೆ ಲ್ಯಾಮಿನೇಷನ್ ಮಾಡಿಸಲೇಬಾರದು, ಹಿಂದೆ ಸೆಲ್ಲೋಟೇಪ್ ಹಚ್ಚಲೂ ಬಾರದು. ಆಮ್ಲರಹಿತ ರಟ್ಟಿನ ನಡುವೆ ಇರಿಸಿ, ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕದಿರಿ.