ಮಳೆಗಾಲದ ಪದವಿನಲ್ಲಿ ದೊಡ್ಡ ಗಾಡಿ ಜಾರಿಸುವುದು: ನನ್ನ ಅನುಭವ

ಭಾರದ ಎಸ್‌ಯುವಿಯನ್ನು ಅಡ್ಡ ಜಾರಿಸಬೇಕಾದರೆ, ಅಂದರೆ ಡ್ರಿಫ್ಟ್ ಮಾಡಬೇಕಾದರೆ, ಇಂಜಿನ್‌ಗೆ ಭಯಂಕರ ಪವರ್ ಬೇಕು ಅಂತ ಹೆಚ್ಚಿನವರ ಲೆಕ್ಕ. ಬೇಡ ಮಾರಾಯ್ರೆ. ನನ್ನದು ಮಹೀಂದ್ರಾದ ಹಳೆಯ ಎಕ್ಸ್‌ಯುವಿ 500, ಆಲ್ ವೀಲ್ ಡ್ರೈವ್ ಇರುವ ಮಾಡೆಲ್. 2.2 ಲೀಟರ್ ಡೀಸೆಲ್, 140 ಬಿಎಚ್‌ಪಿ. ಒಣ ಡಾಂಬರಿನ ಮೇಲೆ ಎಷ್ಟು ಒತ್ತಿದರೂ ಟಯರ್ ಕಿರುಚುತ್ತದೆ, ಮೂಗು ತಿರುವಿನಿಂದ ಹೊರಗೆ ಹೋಗುತ್ತದೆ, ಅಷ್ಟೇ. ಅದನ್ನು ಜಾರಿಸುವುದು ಇಂಜಿನ್ ಅಲ್ಲ, ಅದರ ತೂಕವೇ. ಆ ತೂಕ ಯಾವಾಗ ಯಾವ ಚಕ್ರದ ಮೇಲೆ ಕೂರಬೇಕು ಅಂತ ನಾವು ಹೇಳಿಕೊಡಬೇಕು.

ನಾವು ಆಡುವುದು ಉಡುಪಿ ಜಿಲ್ಲೆಯ ಶಿರ್ವದ ಕಡೆ, ಗೆಳೆಯನ ಮನೆಯವರ ಪದವಿನಲ್ಲಿ, ಅಂದರೆ ಕೆಂಪು ಕಲ್ಲಿನ ಬೋಳು ಬಯಲಿನಲ್ಲಿ. ಹಿಂದೆ ಕೆಂಪು ಕಲ್ಲು ಕಡಿದ ಜಾಗ, ಆಮೇಲೆ ಜೆಸಿಬಿ ತಂದು ಸಮ ಮಾಡಿಸಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇಲ್ಲಿ ಮೇಲಿನ ಒಂದು ಪದರ ಮಣ್ಣು ಮಾತ್ರ ಲೊಳಲೊಳ ಆಗುತ್ತದೆ, ಕೆಳಗೆ ಮುರಕಲ್ಲು, ಅದೇ ಕೆಂಪು ಕಲ್ಲು, ಗಟ್ಟಿಯಾಗಿಯೇ ಇರುತ್ತದೆ. ಇದೇ ಬೇಕಾದ್ದು. ಗದ್ದೆಯಾದರೆ ಗಾಡಿ ಹೂತುಹೋಗುತ್ತದೆ, ಆಮೇಲೆ ಟ್ರ್ಯಾಕ್ಟರ್ ಹುಡುಕಬೇಕು. ಮಲ್ಪೆ, ಪಣಂಬೂರು ಕಡೆ ಬೀಚಿಗೆ ಇಳಿಸುವ ಐಡಿಯಾ ಕೊಡುವವರೂ ಇದ್ದಾರೆ. ಅಲ್ಲಿ ಜನ ಓಡಾಡುತ್ತಾರೆ, ಉಪ್ಪುನೀರು ಚಾಸಿಗೆ ತುಕ್ಕು ಹಿಡಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಮೆತ್ತಗಿನ ಮರಳಲ್ಲಿ ಅಡ್ಡ ಹೋದ ಚಕ್ರ ಜಾರುವ ಬದಲು ಅಗೆದುಕೊಂಡು ನಿಲ್ಲುತ್ತದೆ. ಚಕ್ರ ನಿಂತು ಗಾಡಿ ನಿಲ್ಲದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಇನ್ನು ರಸ್ತೆಯ ಮಾತೇ ಬೇಡ. ಅಪಾಯಕಾರಿ ಚಾಲನೆಗೆ ಶಿಕ್ಷೆ ಹೇಳುವ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇರುವುದೇ ರಸ್ತೆಯಲ್ಲಿ ಹೀಗೆ ಆಡುವವರಿಗೆ.

ಎತ್ತರದ ಗಾಡಿ ಮಗುಚುವುದು ಸುಮ್ನೆ ಜಾರಿದ್ದಕ್ಕಲ್ಲ, ಜಾರುತ್ತಾ ಏನಾದರೊಂದಕ್ಕೆ ತಡೆದಾಗ. ಒಂದು ಕಲ್ಲಿನ ಮೂಲೆ ಸಾಕು, ಹಳೆಯ ಲಾರಿ ಚಕ್ರದ ಹೊಂಡ ಸಾಕು. ಅದಕ್ಕೇ ಮೊದಲು ಕೊಡೆ ಹಿಡಿದು ಇಡೀ ಜಾಗ ನಡೆಯುತ್ತೇನೆ. ನೀರು ನಿಂತಲ್ಲೆಲ್ಲ ಕೋಲು ಹಾಕಿ ನೋಡುತ್ತೇನೆ. ಗಾಳಿ 35 ಪಿಎಸ್‌ಐಗೆ ಏರಿಸುತ್ತೇನೆ. ಕೆಸರು, ಮರಳು ಅಂದರೆ ಗಾಳಿ ಇಳಿಸುವುದೇ ಎಲ್ಲರ ಅಭ್ಯಾಸ, ಆದರೆ ಇಲ್ಲಿ ಒತ್ತಡ ಪಕ್ಕದಿಂದ ಬೀಳುತ್ತದೆ. ಮೆತ್ತಗಿನ ಟಯರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು. ಟಯರ್ ಮಾತ್ರ ಮಾಮೂಲಿ ಹೈವೇ ಟಯರೇ ಒಳ್ಳೆಯದು. ಅದರ ಗೆರೆಗಳಲ್ಲಿ ಕೆಂಪು ಮಣ್ಣು ತುಂಬಿ ನುಣ್ಣಗಾದರೆ ಜಾರಾಟ ಸಲೀಸು.

ಈಗ ಆಟ. ಇಎಸ್‌ಪಿ (ಗಾಡಿ ಜಾರದಂತೆ ತಾನೇ ತಡೆಯುವ ವ್ಯವಸ್ಥೆ) ಆಫ್, ಎರಡನೇ ಗೇರ್, 30–35ರ ವೇಗ. ಎಡಕ್ಕೆ ತಿರುಗಬೇಕೆಂದರೆ ಮೊದಲು ಬಲಕ್ಕೆ ಒಂಚೂರು ಎಳೆಯುತ್ತೇನೆ. ಗಾಡಿ ಎಡಕ್ಕೆ ವಾಲುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಸ್ಟೇರಿಂಗ್ ಎಡಕ್ಕೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡು ಹೋದವರಿಗೆ ಈ ಕ್ಷಣ ಚೆನ್ನಾಗಿ ಗೊತ್ತು: ಡ್ರೈವರ್ ಕಾಲು ತೆಗೆದ, ಹಿಂದಿದ್ದವರೆಲ್ಲ ಮುಂದೆ ಬಂದರು. ಹಾಗೆಯೇ ಇಲ್ಲಿ ತೂಕವೆಲ್ಲ ಮುಂದಿನ ಚಕ್ರಕ್ಕೆ ಬಂದು ಕೂರುತ್ತದೆ, ಹಿಂಬದಿ ಹಗುರಾಗುತ್ತದೆ, ಸೀಟಿನ ಕೆಳಗಿಂದ ಏನೋ ಸಡಿಲವಾದ ಹಾಗೆ ಆಗಿ ಹಿಂದಿನ ಚಕ್ರಗಳು ಬಲಕ್ಕೆ ಹೊರಡುತ್ತವೆ.

ಈ ಹೊತ್ತಿಗೆ ಕಾಲು ತಾನಾಗಿ ಬ್ರೇಕ್ ಕಡೆ ಹೋಗುತ್ತದೆ. ಹೋಗಬಾರದು, ಆಕ್ಸಿಲರೇಟರ್ ಒತ್ತಬೇಕು. ಈ ಗಾಡಿಯಲ್ಲಿ ಪವರ್ ಮಾಮೂಲಿಗೆ ಮುಂದಿನ ಚಕ್ರಕ್ಕೇ ಹೋಗುವುದು, ಮುಂದೆ ಗ್ರಿಪ್ ತಪ್ಪಿದಾಗ ಕ್ಲಚ್ಚಿನ ಕಪ್ಲಿಂಗ್ ಒಂದು ಹಿಂದಕ್ಕೂ ಹಂಚುತ್ತದೆ. ಹಾಗಾಗಿ ಒತ್ತಿದ ಮೇಲೆ ಒಂದು ಅರೆಗಳಿಗೆ ಏನೂ ಆಗುವುದಿಲ್ಲ, ಆಮೇಲೆ ನಾಲ್ಕೂ ಚಕ್ರ ಒಟ್ಟಿಗೆ ತಿರುಗಿ, ಕಿಟಕಿ ತನಕ ಕೆಸರು ಹಾರಿಸಿ, ಅಡ್ಡ ಹೋಗುತ್ತಿದ್ದ ಗಾಡಿಯನ್ನು ತಾವೇ ಮುಂದಕ್ಕೆ ಎಳೆಯುತ್ತವೆ. ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಎದ್ದಿರಬೇಕು, 2000 ಆರ್‌ಪಿಎಂಗಿಂತ ಕೆಳಗೆ ಬಿಟ್ಟರೆ ಪವರ್ ಬರುವಷ್ಟರಲ್ಲಿ ಜಾರಾಟ ಮುಗಿದಿರುತ್ತದೆ. ಸ್ಟೇರಿಂಗ್ ಉಲ್ಟಾ ತಿರುಗಿಸುವುದು ಬಹಳ ಕಡಿಮೆ. ಜಾಸ್ತಿ ತಿರುಗಿಸಿದರೆ ಚಕ್ರಕ್ಕೆ ಹಿಡಿತ ಸಿಕ್ಕಿದ ಕೂಡಲೇ ಗಾಡಿ ಆಚೆ ಬದಿಗೆ ಬೀಸುತ್ತದೆ.

ಹ್ಯಾಂಡ್‌ಬ್ರೇಕ್ ನಾನು ಮುಟ್ಟುವುದಿಲ್ಲ. ಕಪ್ಲಿಂಗ್ ಹಿಡಿದಿರುವಾಗ ಹಿಂದಿನ ಚಕ್ರ ಲಾಕ್ ಮಾಡಿದರೆ ಒಂದು ಕಡೆ ಇಂಜಿನ್ ಎಳೆಯುತ್ತದೆ, ಇನ್ನೊಂದು ಕಡೆ ಬ್ರೇಕ್. ಮಧ್ಯೆ ಸಿಕ್ಕಿದ್ದು ಹಾಳು. ಕಪ್ಲಿಂಗ್ ಬಿಸಿಯೂ ಆಗುತ್ತದೆ. ಬಿಡದೆ ಆಡುತ್ತಾ ಇದ್ದರೆ ಅದು ಹಿಂದಕ್ಕೆ ಪವರ್ ಕೊಡುವುದು ನಿಲ್ಲಿಸಿ ಗಾಡಿ ಮೆಲ್ಲ ಮುಂದಿನ ಚಕ್ರದ ಗಾಡಿಯೇ ಆಗಿಬಿಡುತ್ತದೆ, ಮೂಗು ಹೊರಗೆ ತಳ್ಳಲು ಶುರು ಮಾಡುತ್ತದೆ. ಆಗ ಬಾನೆಟ್ ಎತ್ತಿಟ್ಟು ಚಾ ಕುಡಿಯಲು ಹೋಗುವುದು.

ಜೊತೆಗೆ ಬರುವ ಒಬ್ಬನದ್ದು ಫಾರ್ಚೂನರ್ 4x4. ಅವನ ಕಥೆಯೇ ಬೇರೆ. ಟು ವೀಲ್‌ನಲ್ಲಿಟ್ಟರೆ ಬರೀ ಹಿಂದಿನ ಚಕ್ರಕ್ಕೆ ಪವರ್, ಬಾಲ ಬೇಗ ಬರುತ್ತದೆ, ಆದರೆ ಹಿಡಿಯದಿದ್ದರೆ ಪೂರ್ತಿ ಸುತ್ತು ಹೊಡೆಯುತ್ತದೆ. ಫೋರ್ ವೀಲ್ ಹಾಕಿದರೆ ಎತ್ತಿನ ಹಠ, ಎಲ್ಲಿ ತಿರುಗಿಸಿದರೂ ನೇರ. ನಮ್ಮ ಹುಡುಗರು ಆಗಾಗ ಸೂಪರ್ ಎಕ್ಸ್‌ಯುವಿ 500 ರ‍್ಯಾಲಿ ಕಾರಿನ ವಿಷಯ ತೆಗೆಯುತ್ತಾರೆ. ಗೌರವ್ ಗಿಲ್ ಅದನ್ನು ರಾಷ್ಟ್ರೀಯ ರ‍್ಯಾಲಿಯಲ್ಲಿ ಓಡಿಸುವಾಗ ಪಕ್ಕದ ಸೀಟಿನಲ್ಲಿ ದಾರಿ ಹೇಳುವ ಕೋ-ಡ್ರೈವರ್ ಆಗಿದ್ದದ್ದು ಮೊಗ್ರಾಲಿನ ಮೂಸಾ ಶರೀಫ್, ನಮ್ಮ ಕಾಸರಗೋಡು ಕಡೆಯವರೇ. ಆದರೆ ಅದರ ಸಸ್ಪೆನ್ಷನ್, ಮಗುಚಿದರೆ ಒಳಗಿದ್ದವರನ್ನು ಕಾಯುವ ಕಬ್ಬಿಣದ ರೋಲ್ ಕೇಜ್ ಯಾವುದೂ ನಮ್ಮ ಗಾಡಿಯಲ್ಲಿ ಇಲ್ಲ. 35ರಲ್ಲೇ ಇಷ್ಟು ಖುಷಿ ಸಿಗುವಾಗ 60 ಯಾಕೆ?

ವಾಪಸ್ ಬರುವಾಗ ಒಂದು ವಿಷಯ. ಕಟಪಾಡಿಯಲ್ಲಿ ಹೈವೇ ಹತ್ತಿ 80 ದಾಟಿದ ಕೂಡಲೇ ಸ್ಟೇರಿಂಗ್ ಗಡಗಡ ನಡುಗಿದರೆ ಗಾಬರಿ ಬೇಡ, ಏನೂ ಮುರಿದಿರಲಿಕ್ಕಿಲ್ಲ. ರಿಮ್‌ನ ಒಳಬದಿಯಲ್ಲಿ ಮಣ್ಣು ಒಂದೇ ಕಡೆ ಅಂಟಿಕೊಂಡು ಬ್ಯಾಲೆನ್ಸ್ ತಪ್ಪಿರುತ್ತದೆ. ಆದರೂ ಗಾಡಿ ಬದಿಗೆ ಹಾಕಿ ನೋಡುವುದೇ ಸರಿ. ಈ ಮಣ್ಣು ಒಣಗಿದರೆ ಸಿಮೆಂಟೇ, ಅದೇ ದಿನ ಪೈಪ್ ಹಿಡಿದು ಒಳಗಿನಿಂದ ತೊಳೆಯಬೇಕು. ಹಾಗೆ ತೊಳೆಯುವಾಗಲೇ ಆಕ್ಸಲ್ ತುದಿಯ ರಬ್ಬರ್ ಬೂಟ್ ಹರಿದಿದೆಯೋ, ಗ್ರೀಸ್ ಹೊರಗೆ ಬಂದಿದೆಯೋ ಅಂತ ಟಾರ್ಚ್ ಹಾಕಿ ನೋಡಿಬಿಡಿ. ಸರ್ವಿಸ್ ಸ್ಟೇಷನ್ನಿಗೆ ಬಿಟ್ಟರೆ ಹೊರಗಿನ ಬಾಡಿ ಮಾತ್ರ ಪಳಪಳ ಮಾಡಿ ಕೊಡುತ್ತಾರೆ, ಅದೂ ಗಾಡಿಯ ಅವತಾರ ನೋಡಿ ಡಬಲ್ ರೇಟು ಹೇಳಿದ ಮೇಲೆ.