ಪ್ರೋಟೋಟೈಪ್ ಕಾಗದದಿಂದಲೇ ಶುರುವಾಗಲಿ

ತಂತ್ರಾಂಶದ ಮೊದಲ ಪ್ರೋಟೋಟೈಪನ್ನು, ಅಂದರೆ ಜನರಿಗೆ ತೋರಿಸಿ ಪರೀಕ್ಷಿಸುವ ಕಚ್ಚಾ ಮಾದರಿಯನ್ನು, ನಾವು ಕಂಪ್ಯೂಟರಿನಲ್ಲಿ ಮಾಡುವುದೇ ಇಲ್ಲ. ಎ4 ಹಾಳೆ, ಸ್ಕೆಚ್ ಪೆನ್ನು, ಕತ್ತರಿ, ಅಂಟುಚೀಟಿ ಇಷ್ಟೇ ಸಾಮಾನು. ಪರದೆಗೊಂದು ಹಾಳೆ, ಮೆನು ಮತ್ತು ಎಚ್ಚರಿಕೆ ಸಂದೇಶಗಳಿಗೆ ಬೇರೆ ಚೀಟಿ. ನುಣುಪಾದ ಪರದೆ ತೋರಿಸಿದರೆ ಜನ ಬಣ್ಣದ ಬಗ್ಗೆ ಮಾತಾಡುತ್ತಾರೆ. ಇಷ್ಟೆಲ್ಲ ಮಾಡಿಟ್ಟಿದ್ದಾರಲ್ಲ ಎಂದು ತಪ್ಪು ಹೇಳಲು ಹಿಂಜರಿಯುತ್ತಾರೆ. ಕೈಯಲ್ಲಿ ಗೀಚಿದ್ದಾದರೆ ಪೆನ್ನು ತೆಗೆದುಕೊಂಡು ತಾವೇ ತಿದ್ದುತ್ತಾರೆ. ನಮಗೆ ಬೇಕಾದ್ದು ಅದೇ.

ಒಬ್ಬ ಬಳಕೆದಾರರ ಎದುರು ನಮ್ಮ ಕಡೆಯಿಂದ ಮೂವರು ಕೂರುತ್ತೇವೆ: ಕೆಲಸ ಹೇಳುವವರು, ‘ಕಂಪ್ಯೂಟರ್’ ಆಗಿ ಹಾಳೆ ಬದಲಿಸುವವರು, ಬರೆದುಕೊಳ್ಳುವವರು. ಕೆಲಸ ಹೇಳುವಾಗ ಬಟನ್ನಿನ ಹೆಸರು ಬಾಯಿಗೆ ಬರಬಾರದು. ‘ನಿನ್ನೆ ಹಾಕಿದ ರಜೆ ಅರ್ಜಿ ಈಗ ಬೇಡವಾಗಿದೆ, ಏನು ಮಾಡ್ತೀರಿ?’ ಎಂದು ಕೇಳಿ ಸುಮ್ಮನಾಗಬೇಕು. ಆಗ ‘ಅರ್ಜಿ ರದ್ದು ಮಾಡಬೇಕೆ?’ ಎಂಬ ಚೀಟಿಯ ಮೇಲೆ ಬಳಕೆದಾರರ ಬೆರಳು ನಿಲ್ಲುತ್ತದೆ. ಕೆಳಗಿರುವುದು ‘ಸರಿ’, ‘ರದ್ದು’. ಯಾವ ರದ್ದು? ಅರ್ಜಿಯದೋ, ಈ ಪ್ರಶ್ನೆಯದೋ? ಕೋಡ್ ಬರೆದವರಿಗೆ ಇದು ಕಾಣುವುದೇ ಇಲ್ಲ. ಅಲ್ಲೇ ಹೊಸ ಚೀಟಿ ಕತ್ತರಿಸಿ ‘ಹೌದು, ಹಿಂಪಡೆಯಿರಿ’, ‘ಬೇಡ, ಹಾಗೇ ಇರಲಿ’ ಎಂದು ಬರೆದು ಮುಂದಿನವರಿಗೆ ಕೊಡುತ್ತೇವೆ. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ.

ಪರೀಕ್ಷೆಯ ಒಂದೊಂದು ಸುತ್ತಿನಲ್ಲೂ ಐದು ಜನ. ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಸಿಗುತ್ತವೆ ಎಂಬ, ಬಳಕೆ ಸುಲಭವಾಗಿಸುವ ವಿನ್ಯಾಸದ ತಜ್ಞ ಯಾಕೋಬ್ ನೀಲ್ಸನ್ ಅವರ ಲೆಕ್ಕದಲ್ಲಿ ಐವರಿಂದ ಸುಮಾರು ಶೇ. 85 ಹೊರಬೀಳುತ್ತವೆ. ಹದಿನೈದು ಜನ ಸಿಕ್ಕರೆ ಒಟ್ಟಿಗೆ ಕೂರಿಸದೆ ಮೂರು ಸುತ್ತು ಮಾಡಿ, ನಡುನಡುವೆ ತಿದ್ದಿ. ಅರ್ಜಿ ಹಾಕುವವರು, ಮಂಜೂರು ಮಾಡುವವರು ಬೇರೆಬೇರೆ. ಹೀಗೆ ಎರಡು ಗುಂಪಿದ್ದಾಗ ಐವರ ಬದಲು ಪ್ರತಿ ಗುಂಪಿನಿಂದ ಮೂರ್ನಾಲ್ಕು ಜನ ಬೇಕು. ದಿನವೂ ಆ ಕೆಲಸ ಮಾಡುವವರ ಬದಲು ಅವರ ಮೇಲಧಿಕಾರಿ ಬಂದು ಕೂತರೆ, ಕೆಲಸ ಹೇಗೆ ನಡೆಯಬೇಕು ಎಂಬುದಷ್ಟೇ ತಿಳಿಯುತ್ತದೆ, ಹೇಗೆ ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ.

ಎರಡನೇ ಸುತ್ತಿಗೆ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾಡಿದ, ಕ್ಲಿಕ್ ಆಗುವ ಪರದೆಗಳು. ಇಲ್ಲಿ ತೋರಿಕೆಯ ‘ಹೆಸರು 1, ಹೆಸರು 2’ ಬೇಡ. ಸಾಲು ಮೀರುವ ಉದ್ದ ಹೆಸರು, ಖಾಲಿ ಪಟ್ಟಿ, ಇನ್ನೂರು ಸಾಲಿನ ಪಟ್ಟಿ ಮೂರೂ ಇರಲಿ. ವಿನ್ಯಾಸ ಮುರಿಯುವುದು ಅಲ್ಲೇ.

ಪ್ರತಿ ಸುತ್ತಿನ ನಂತರ ಬಂದವರಿಗೆಲ್ಲ ಒಂದು ಪುಟ ಕಳಿಸುತ್ತೇವೆ: ಹೇಳಿದ್ದೇನು, ಬದಲಾಗಿದ್ದೇನು, ಬದಲಾಗದ್ದು ಏಕೆ. ಇದನ್ನು ಬಿಟ್ಟರೆ ಮೂರನೇ ಸುತ್ತಿಗೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ದೊಡ್ಡ ಅಪಾಯ, ಕ್ಲಿಕ್ ಆಗುವುದನ್ನು ಕಂಡು ಕೆಲಸ ಕೊಟ್ಟವರು ‘ಮುಗಿದೇಹೋಯ್ತಲ್ಲ, ಮುಂದಿನ ವಾರ ಕೊಡಿ’ ಎನ್ನುವುದು. ಆದ್ದರಿಂದ ಪ್ರತಿ ಪರದೆಯ ಮೇಲೂ ‘ಮಾದರಿ’ ಎಂಬ ಲೇಬಲ್ ಇರುತ್ತದೆ. ಪ್ರಯೋಗಕ್ಕೆ ಬರೆದ ಕೋಡನ್ನು ಬೇರೆಯೇ ರೆಪಾಸಿಟರಿಯಲ್ಲಿ (ಕೋಡ್ ಸಂಗ್ರಹದಲ್ಲಿ) ಇಟ್ಟು, ಸತತ ಎರಡು ಸುತ್ತಿನಲ್ಲಿ ಹೊಸ ದೊಡ್ಡ ತೊಡಕು ಕಾಣದಿದ್ದಾಗ ಅಳಿಸಿಹಾಕುತ್ತೇವೆ.